ದಿನಕ್ಕೊಂದು ಗಿಡ: ಡಾಕ್ಟರ್ ಕ್ಲೆಗ್‌ಹಾರ್ನರ ಜೀವನ

ಹಳೆಯ ಗ್ರಂಥಗಳಲ್ಲಿ ಅಚ್ಚಾಗಿರುವ ಗಿಡಮರಗಳ ಚಿತ್ರಪಟಗಳಿಗೆ ಒಂದು ವಿಶೇಷವಾದ ಆಕರ್ಷಣೆಯುಂಟು. ಚಿತ್ರಕಲೆಯನ್ನು ಬಲ್ಲವನು ಅದರಲ್ಲಿ ರೇಖೆಯ ಚೆಲುವನ್ನು ಕಾಣುತ್ತಾನೆ. ಸಸ್ಯಶಾಸ್ತ್ರವನ್ನು ಓದಿದವನು ಎಸಳುಗಳನ್ನೂ ಕೇಸರಗಳನ್ನೂ ಎಣಿಸುತ್ತಾನೆ. ಇವೆರಡನ್ನೂ ಅರಿಯದ ನನ್ನಂಥ ಕಲಾವಿಭಾಗದ ವಿದ್ಯಾರ್ಥಿಯೂ ಅಂಥ ಪಟದ ಮುಂದೆ ಸ್ವಲ್ಪ ಹೊತ್ತು ನಿಂತೇ ನಿಲ್ಲುತ್ತಾನೆ. ನಮ್ಮ ಬೇಲಿಯ ಮೇಲೆ ದಿನವೂ ಕಾಣುವ ಬಳ್ಳಿಯೊಂದು ಅಷ್ಟು ಗೌರವದಿಂದ ಕಾಗದದ ಮೇಲೆ ಕುಳಿತಿರುವುದನ್ನು ನೋಡಿದಾಗ, ಇದನ್ನು ಇಷ್ಟು ದಿನ ತಾನು ನೋಡಿಯೇ ಇರಲಿಲ್ಲವೆಂದು ಅನ್ನಿಸುತ್ತದೆ.

ಇಂಥ ಚಿತ್ರಗಳ ಕಥೆಯಲ್ಲಿ ನಮ್ಮ ಶಿವಮೊಗ್ಗಕ್ಕೂ ಒಂದು ಸ್ಥಾನವಿದೆಯೆಂಬುದು ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಕೆಳದಿಯ ಅರಸರನ್ನೂ ಮಲೆನಾಡಿನ ಕವಿಗಳನ್ನೂ ನಾವು ನೆನೆಯುತ್ತೇವೆ, ಅದು ಯುಕ್ತವೇ. ಆದರೆ ಸುಮಾರು ನೂರ ಎಂಬತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ವೈದ್ಯರಾಗಿದ್ದು, ಸುತ್ತಲಿನ ಗಿಡಗಳನ್ನು ದಿನಕ್ಕೊಂದರಂತೆ ಬರೆಯಿಸಿದ ಮಹನೀಯರೊಬ್ಬರಿದ್ದರು. ಅವರೇ ಡಾಕ್ಟರ್ ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್. ಭಾರತದ ಅರಣ್ಯ ಇಲಾಖೆಯ ಚರಿತ್ರೆಯನ್ನು ಓದುವವರಿಗೆಲ್ಲ ಇವರ ಹೆಸರು ಸುಪರಿಚಿತ. ಇವರ ಜೀವನವನ್ನು ನನ್ನ ಶಕ್ತಿಗೆ ನಿಲುಕಿದಷ್ಟು ಸಂಗ್ರಹವಾಗಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕ್ಲೆಗ್‌ಹಾರ್ನರು ಜನಿಸಿದುದು ೧೮೨೦ರ ಆಗಸ್ಟ್ ೯ರಂದು, ಮದರಾಸಿನಲ್ಲಿ. ತಂದೆಯವರು ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಗಳಾಗಿದ್ದರು. ಮನೆತನ ಸ್ಕಾಟ್ಲೆಂಡಿನ ಫೈಫ್ ಪ್ರಾಂತದ್ದು. ಸ್ಟ್ರಾವಿಥಿ ಎಂಬ ಜಮೀನು ಅವರದು. ಹ್ಯೂ ಎಂಬ ಹೆಸರು ತಾತನಿಂದ ಬಂದುದು. ಆ ತಾತ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದು ಬಳಿಕ ರಾಜಕಾರಣಕ್ಕೆ ಇಳಿದವರು. ಡಚ್ಚರ ಸೇವೆಯಲ್ಲಿ ಸಿಂಹಳದಲ್ಲಿದ್ದ ಡಿ ಮ್ಯೂರಾನ್ ಎಂಬ ಸ್ವಿಸ್ ದಳವನ್ನು ಇಂಗ್ಲಿಷರ ಕಡೆಗೆ ತಿರುಗಿಸಿದುದು ಅವರ ಚಾತುರ್ಯ. ಅದೇ ದಳ ೧೭೯೯ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇದ್ದಿತು. ಹೀಗೆ ಮೊಮ್ಮಗ ಹುಟ್ಟುವುದಕ್ಕೆ ಮೊದಲೇ ಮೈಸೂರು ಸೀಮೆಗೂ ಆ ಮನೆತನಕ್ಕೂ ಒಂದು ನಂಟು, ಅಷ್ಟೇನೂ ಸಂತೋಷಕರವಲ್ಲದ್ದಾದರೂ, ಬೆಳೆದಿತ್ತು.

ಬಾಲಕನು ಎಳೆಯ ವಯಸ್ಸಿನಲ್ಲಿಯೇ ಸ್ಕಾಟ್ಲೆಂಡಿಗೆ ಹೋಗಿ ತಾತನ ಆಶ್ರಯದಲ್ಲಿ ಬೆಳೆದನು. ಎಡಿನ್‌ಬರೋ, ಸೇಂಟ್ ಆಂಡ್ರೂಸ್‌ಗಳಲ್ಲಿ ವಿದ್ಯಾಭ್ಯಾಸವಾಯಿತು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನು ಕಲಿತು ೧೮೪೧ರಲ್ಲಿ ಎಂ.ಡಿ. ಪದವಿಯನ್ನು ಪಡೆದುದಾಯಿತು. ಆ ಕಾಲದಲ್ಲಿ ಔಷಧಿಗಳೆಲ್ಲ ಬಹುಮಟ್ಟಿಗೆ ಗಿಡಮೂಲಿಕೆಗಳೇ ಆಗಿದ್ದುದರಿಂದ ವೈದ್ಯ ವಿದ್ಯಾರ್ಥಿಗಳು ಸಸ್ಯಶಾಸ್ತ್ರವನ್ನು ಕಡ್ಡಾಯವಾಗಿ ಓದಬೇಕಾಗಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯರಲ್ಲಿ ಇಷ್ಟೊಂದು ಮಂದಿ ಸಸ್ಯಶಾಸ್ತ್ರಜ್ಞರಾದುದಕ್ಕೆ ಕಾರಣ ಇದೇ. ರಾಕ್ಸ್‌ಬರ್ಗ್, ಬುಕಾನನ್, ವೈಟ್ ಇವರೆಲ್ಲರೂ ವೈದ್ಯರೇ. ೧೮೪೨ರಲ್ಲಿ ಕ್ಲೆಗ್‌ಹಾರ್ನರೂ ಕಂಪೆನಿಯ ಕೆಲಸಕ್ಕೆ ಸೇರಿ ತಾವು ಹುಟ್ಟಿದ ಮದರಾಸಿಗೆ ಹಿಂತಿರುಗಿದರು.

ಅವರು ನಮ್ಮ ಊರಿಗೆ ಬಂದುದು ೧೮೪೫ರಲ್ಲಿ. ಆಗಿನ ಮೈಸೂರಿನ ಸ್ಥಿತಿಯನ್ನು ಇಲ್ಲಿ ಒಂದೆರಡು ಮಾತಿನಲ್ಲಿ ಜ್ಞಾಪಿಸಿಕೊಳ್ಳಬೇಕು. ೧೮೩೦ರಲ್ಲಿ ಆರಂಭವಾದ ನಗರದ ರೈತರ ದಂಗೆಯನ್ನು ನೆಪಮಾಡಿಕೊಂಡು ಇಂಗ್ಲಿಷರು ೧೮೩೧ರಲ್ಲಿ ರಾಜ್ಯದ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತಮ್ಮ ಕೈಗೆ ತೆಗೆದುಕೊಂಡಿದ್ದರು. ಮಾರ್ಕ್ ಕಬ್ಬನ್ ಕಮಿಷನರಾಗಿದ್ದರು. ನಗರ ಪ್ರಾಂತಕ್ಕೆ ಶಿವಮೊಗ್ಗ ಕೇಂದ್ರ. ರೈಲು ಇಲ್ಲಿಗೆ ಬರಲು ಇನ್ನೂ ಅರ್ಧ ಶತಮಾನ ಬಾಕಿಯಿದ್ದಿತು. ಭದ್ರಾವತಿಗೆ ಆಗ ಬೆಂಕಿಪುರವೆಂದು ಹೆಸರು. ಹೊಳೆಯ ದಂಡೆಯ ಸಣ್ಣ ಊರು. ಸುತ್ತಲೂ ಕಾಡು, ಕಾಡಿನಲ್ಲಿ ಮಲೆನಾಡಿನ ಜ್ವರ. ಇಪ್ಪತ್ತೈದು ವರ್ಷದ ಯುವಕ ವೈದ್ಯನಿಗೆ ಇದು ಸುಖದ ಜಾಗವಾಗಿರಲಾರದು.

ಆದರೆ ಅವರು ಬೇಸರದಿಂದ ಕಾಲ ಕಳೆಯಲಿಲ್ಲ. ದಿನಕ್ಕೊಂದು ಗಿಡವನ್ನು ಕಾಲು ಗಂಟೆಯಷ್ಟಾದರೂ ಗಮನವಿಟ್ಟು ಅಭ್ಯಾಸಮಾಡಬೇಕೆಂಬುದು ಹಿರಿಯ ಸಸ್ಯಶಾಸ್ತ್ರಜ್ಞರಾದ ಸರ್ ವಿಲಿಯಂ ಹುಕರ್‌ರವರ ಉಪದೇಶವಾಗಿದ್ದಿತು. ಕಾಲು ಗಂಟೆ ದೊಡ್ಡ ಕಾಲವೇನೂ ಅಲ್ಲ. ನಾವು ಬಸ್ಸಿಗಾಗಿ ಕಾಯುವುದೇ ಅದಕ್ಕಿಂತ ಹೆಚ್ಚು. ಕ್ಲೆಗ್‌ಹಾರ್ನರು ಈ ಮಾತನ್ನು ವ್ರತದಂತೆ ಪಾಲಿಸಿದರು. ಒಂದು ಹೆಜ್ಜೆ ಮುಂದೆ ಹೋಗಿ ಮರಾಠಿ ಚಿತ್ರಗಾರನೊಬ್ಬನನ್ನು ಸಂಬಳಕ್ಕಿಟ್ಟುಕೊಂಡು, ಪ್ರತಿದಿನವೂ ಅರಳಿದ ಒಂದು ಗಿಡವನ್ನು ತರಿಸಿ ಅವನಿಂದ ಬರೆಯಿಸತೊಡಗಿದರು. ಸುಮಾರು ಎರಡು ವರ್ಷಗಳ ಕಾಲ ಈ ಕೆಲಸ ನಡೆಯಿತು.

ಈ ಬಗೆಯ ಚಿತ್ರವು ಸಾಮಾನ್ಯ ಹೂವಿನ ಚಿತ್ರಕ್ಕಿಂತ ಹೇಗೆ ಬೇರೆ ಎಂಬುದನ್ನು ಇಲ್ಲಿ ಹೇಳಬೇಕು. ಮನೆಯ ಗೋಡೆಗೆ ಹೂವನ್ನು ಬರೆಯುವವನು ಚೆಲುವಾದುದನ್ನು ಉಳಿಸಿ ಉಳಿದುದನ್ನು ಬಿಡಬಹುದು. ಶಾಸ್ತ್ರಕ್ಕಾಗಿ ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಎಲೆಗಳು ಎದುರುಬದುರಾಗಿವೆಯೋ ಒಂದು ಬಿಟ್ಟು ಒಂದಾಗಿವೆಯೋ, ತೊಟ್ಟಿನಲ್ಲಿ ರೋಮವಿದೆಯೋ ಇಲ್ಲವೋ, ಕೇಸರಗಳು ಐದೋ ಹತ್ತೋ, ಕಾಯಿಯನ್ನು ಅಡ್ಡವಾಗಿ ಕೊಯ್ದರೆ ಎಷ್ಟು ಕೋಣೆಗಳು—ಇವೆಲ್ಲ ತಪ್ಪಿಲ್ಲದೆ ಕಾಣಬೇಕು. ಅದಕ್ಕಾಗಿ ಕೊಂಬೆಯ ಕೆಳಗೆ ಹೂವಿನ ಅಂಗಗಳನ್ನು ಬಿಡಿಸಿ, ದೊಡ್ಡದುಮಾಡಿ ಬರೆಯುತ್ತಾರೆ. ಮಲೆನಾಡಿನ ಸೆಕೆಯಲ್ಲಿಯೂ ಮಳೆಯಲ್ಲಿಯೂ ಕಿತ್ತ ಹೂವು ಬಹಳ ಹೊತ್ತು ನಿಲ್ಲದು. ಬಾಡುವುದಕ್ಕೆ ಮೊದಲೇ ಬಣ್ಣ ಹಿಡಿಯಬೇಕು. ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡವು ಆಕಾರವನ್ನು ಉಳಿಸಿಕೊಂಡರೂ ಬಣ್ಣವನ್ನು ಕಳೆದುಕೊಳ್ಳುತ್ತದೆ. ಆ ಕೊರತೆಯನ್ನು ತುಂಬುವುದು ಚಿತ್ರಗಾರನ ಕುಂಚ. ಆದುದರಿಂದಲೇ ಈ ಕೆಲಸದಲ್ಲಿ ಕಲೆಯನ್ನೂ ವಿಜ್ಞಾನವನ್ನೂ ಬೇರೆಬೇರೆಯಾಗಿ ಅಳೆಯಲು ಬರುವುದಿಲ್ಲ. ಸರಿಯಾಗಿ ನೋಡುವುದೇ ಎರಡಕ್ಕೂ ಮೂಲ.

ಹೀಗೆ ಬರೆದ ಚಿತ್ರ ಒಂದೇ ಪ್ರತಿ. ಅದನ್ನು ಹತ್ತು ಮಂದಿಗೆ ಮುಟ್ಟಿಸುವುದು ಅಚ್ಚು. ಕೇರಳದ ಗಿಡಗಳ ಮೇಲೆ ೧೬೭೮ರಿಂದ ೧೬೯೩ರವರೆಗೆ ಹಾಲೆಂಡಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂದ ಹೋರ್ಟಸ್ ಮಲಬಾರಿಕಸ್ ಎಂಬ ಮಹಾಗ್ರಂಥದ ಚಿತ್ರಗಳು ತಾಮ್ರದ ತಗಡಿನ ಮೇಲೆ ಕೊರೆದವು. ಇಟ್ಟಿ ಅಚ್ಯುತನೆಂಬ ಈಳವ ವೈದ್ಯರೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಆ ಗ್ರಂಥಕ್ಕೆ ನೆರವಾದರು. ತಾಮ್ರವನ್ನು ಕೊರೆಯುವುದು ಕಷ್ಟ, ಖರ್ಚೂ ಹೆಚ್ಚು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬವೇರಿಯದ ಸೆನೆಫೆಲ್ಡರ್ ಎಂಬುವನು ಕಲ್ಲಚ್ಚನ್ನು ಕಂಡುಹಿಡಿದನು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ನೀರಿನಿಂದ ಒದ್ದೆಮಾಡಿದರೆ, ಶಾಯಿ ಜಿಡ್ಡಿಗೆ ಮಾತ್ರ ಹಿಡಿಯುತ್ತದೆ, ನೀರಿರುವಲ್ಲಿ ಹಿಡಿಯುವುದಿಲ್ಲ. ಎಣ್ಣೆಗೂ ನೀರಿಗೂ ಕೂಡದೆಂದು ನಮ್ಮ ಅಡಿಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೇ ಇದರ ಗುಟ್ಟು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರು ಸಮಾಚಾರವೂ ೧೮೪೩ರಲ್ಲಿ ಹೊರಬಂದುದು ಈ ಕಲ್ಲಚ್ಚಿನಲ್ಲಿಯೇ. ಅದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ೧೮೬೨ರಲ್ಲಿ ಹುಂಜಿಕರ್ ಎಂಬುವರು ಗಿಡಗಳ ಎಲೆಹೂಗಳಿಂದಲೇ ಪಡಿಯಚ್ಚು ತೆಗೆದು ಪುಸ್ತಕವೊಂದನ್ನು ಹೊರತಂದರು.

ಕಲ್ಲಚ್ಚನ್ನು ಸಸ್ಯಶಾಸ್ತ್ರಕ್ಕೆ ಬಹಳವಾಗಿ ಬಳಸಿಕೊಂಡವರು ಕ್ಲೆಗ್‌ಹಾರ್ನರ ಹಿರಿಯ ಮಿತ್ರರಾದ ಡಾಕ್ಟರ್ ರಾಬರ್ಟ್ ವೈಟ್. ಅವರು ಮದರಾಸಿನಲ್ಲಿ ೧೮೩೮ರಿಂದ ೧೮೫೩ರವರೆಗೆ ಐಕೋನ್ಸ್ ಎಂಬ ಆರು ಸಂಪುಟಗಳಲ್ಲಿ ೨೧೦೧ ಚಿತ್ರಪಟಗಳನ್ನು ಅಚ್ಚುಮಾಡಿಸಿದರು. ಅವುಗಳ ಮೂಲ ಚಿತ್ರಗಳಲ್ಲಿ ಬಹುಪಾಲು ರಂಗಯ್ಯ, ಗೋವಿಂದು ಎಂಬ ಇಬ್ಬರು ಭಾರತೀಯ ಕಲಾವಿದರ ಕೈಯವು. ಈ ಪಟಗಳನ್ನು ಇಂದು ಯಾರು ಬೇಕಾದರೂ ಗಣಕದ ಪರದೆಯ ಮೇಲೆ ನೋಡಬಹುದು. ನಾನು ನೋಡಿದುದೂ ಹಾಗೆಯೇ. ಬಣ್ಣವಿಲ್ಲ, ಬರಿಯ ಗೆರೆ. ಆದರೂ ನಮ್ಮ ಹಿತ್ತಲ ಗಿಡವೊಂದು ಕಣ್ಣಿಗೆ ಬಿದ್ದಾಗ ಹೆಸರನ್ನು ಓದದೆಯೇ ಗುರುತು ಸಿಕ್ಕಿತು. ಲ್ಯಾಟಿನ್ ಬಾರದ ನನ್ನ ಅಮ್ಮನೂ ಅದನ್ನು ಗುರುತಿಸಿ, ಯಾವ ನೋವಿಗೆ ಅದನ್ನು ಅರೆದು ಹಚ್ಚುತ್ತಾರೆಂಬುದನ್ನು ಹೇಳಿದರು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದವರಿಗೂ ತೆರೆದಿರುವ ಶಾಸ್ತ್ರಗ್ರಂಥ ಇದೊಂದೇ ಇರಬೇಕು.

ಮತ್ತೆ ಕ್ಲೆಗ್‌ಹಾರ್ನರ ಕಥೆಗೆ ಬರೋಣ. ಮಲೆನಾಡಿನ ಸುತ್ತಾಟದಲ್ಲಿ ಅವರ ಆರೋಗ್ಯ ಕೆಟ್ಟಿತು. ೧೮೪೮ರಲ್ಲಿ ರಜೆಯ ಮೇಲೆ ಸ್ಕಾಟ್ಲೆಂಡಿಗೆ ಹೋದರು. ಆ ಬಿಡುವೂ ವ್ಯರ್ಥವಾಗಲಿಲ್ಲ. ೧೮೫೦ರಲ್ಲಿ ಎಡಿನ್‌ಬರೋ ನಗರದಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಸಭೆ ಸೇರಿತು. ಉಷ್ಣವಲಯದ ಕಾಡುಗಳು ನಾಶವಾದರೆ ಮಳೆ, ನೀರು, ಮಣ್ಣು, ಜನಜೀವನಗಳ ಮೇಲೆ ಏನು ಪರಿಣಾಮವಾದೀತೆಂದು ವಿಚಾರಿಸಲು ಒಂದು ಸಮಿತಿ ನೇಮಕವಾಯಿತು. ಕ್ಲೆಗ್‌ಹಾರ್ನ್, ರಾಯ್ಲ್, ಬೇರ್ಡ್ ಸ್ಮಿತ್, ಸ್ಟ್ರಾಚಿ ಇವರು ಅದರ ಸದಸ್ಯರು. ೧೮೫೧ರಲ್ಲಿ ಅವರ ವರದಿ ಬಂದಿತು. ಕಾಡಿಗೂ ಹವೆಗೂ ಇರುವ ಸಂಬಂಧವನ್ನು ಕುರಿತು ಇಂದು ಲೋಕವೆಲ್ಲ ಮಾತನಾಡುತ್ತಿದೆ. ಆ ಮಾತನ್ನು ವಿದ್ವಾಂಸರ ಸಭೆಯಲ್ಲಿ ಗಂಭೀರವಾಗಿ ಎತ್ತಿದ ಮೊದಲಿಗರಲ್ಲಿ ನಮ್ಮ ಶಿವಮೊಗ್ಗದ ವೈದ್ಯರೂ ಒಬ್ಬರೆಂಬುದು ನೆನಪಿಡತಕ್ಕ ವಿಷಯ.

ಭಾರತಕ್ಕೆ ಹಿಂತಿರುಗಿದ ಮೇಲೆ ಅವರು ಮದರಾಸಿನ ವೈದ್ಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ಸಂಘದ ಕಾರ್ಯದರ್ಶಿಗಳೂ ಆದರು. ಆಗಲೂ ಚಿತ್ರಗಳ ಹಂಬಲ ಬಿಡಲಿಲ್ಲ. ಡಾಕ್ಟರ್ ಅಲೆಕ್ಸಾಂಡರ್ ಹಂಟರ್ ಎಂಬ ಇನ್ನೊಬ್ಬ ವೈದ್ಯರು ೧೮೫೦ರಲ್ಲಿ ಮದರಾಸಿನಲ್ಲಿ ಕಲಾಶಾಲೆಯನ್ನು ತೆರೆದಿದ್ದರು. ಆ ಶಾಲೆಯ ಭಾರತೀಯ ವಿದ್ಯಾರ್ಥಿಗಳಿಂದ ಕ್ಲೆಗ್‌ಹಾರ್ನರು ಐರೋಪ್ಯ ಗ್ರಂಥಗಳ ಅಚ್ಚಿನ ಪಟಗಳನ್ನು ಪ್ರತಿಮಾಡಿಸಿದರು. ದುಬಾರಿ ಗ್ರಂಥಗಳು ದೊರೆಯದ ದೇಶದಲ್ಲಿ ಪಾಠ ಹೇಳುವುದಕ್ಕೆ ಅದು ಉಪಾಯ. ಅಚ್ಚಿನಿಂದ ಕೈಗೆ, ಕೈಯಿಂದ ಅಚ್ಚಿಗೆ ಚಿತ್ರಗಳು ಹೀಗೆ ಸಾಗರಗಳನ್ನು ದಾಟಿ ಓಡಾಡಿದವು. ವೈಟ್ ದೇಶವನ್ನು ಬಿಟ್ಟುಹೋದ ಬಳಿಕ ಗೋವಿಂದು ಕೂಡ ಕ್ಲೆಗ್‌ಹಾರ್ನರಿಗಾಗಿ ಚಿತ್ರಗಳನ್ನು ಬರೆದರು.

ಬೆಂಗಳೂರಿನ ಲಾಲ್‌ಬಾಗಿಗೂ ಇವರ ಋಣವಿದೆ. ೧೮೫೬ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾದಾಗ ಸಲಹೆ ಕೊಟ್ಟವರು ಇವರೇ. ಅದನ್ನು ವ್ಯಾಪಾರದ ತೋಟವಾಗಿ ಮಾಡದೆ ಸಸ್ಯಗಳ ಅಭ್ಯಾಸಕ್ಕೂ ಅಭಿವೃದ್ಧಿಗೂ ಮೀಸಲಿಡಬೇಕೆಂಬುದು ಇವರ ಅಭಿಪ್ರಾಯ. ೧೮೫೮ರಲ್ಲಿ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಅಲ್ಲಿಗೆ ಬಂದು ಮೇಲ್ವಿಚಾರಣೆಯನ್ನು ವಹಿಸಿಕೊಂಡರು.

ಅದೇ ೧೮೫೬ರಲ್ಲಿ ಅವರ ಜೀವನದ ಮುಖ್ಯ ಘಟ್ಟ ಬಂದಿತು. ಮದರಾಸು ಸರ್ಕಾರ ಅವರನ್ನು ಅರಣ್ಯಗಳ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಆ ವರ್ಷವೇ ದಕ್ಷಿಣ ಭಾರತದಲ್ಲಿ ಮೊದಲ ರೈಲು ಓಡಿತು. ಹಳಿಗಳ ಕೆಳಗೆ ಹಾಸುವ ದಿಮ್ಮಿಗಳಿಗೂ, ಉಗಿಯಂತ್ರದ ಸೌದೆಗೂ, ಹಡಗುಗಳ ತೇಗಕ್ಕೂ ಕಾಡು ಬೀಳತೊಡಗಿದ್ದಿತು. ಕ್ಲೆಗ್‌ಹಾರ್ನರು ಆನೆಮಲೆಯಿಂದ ಕೆನರಾದವರೆಗೆ ತಿರುಗಿ ಮರಗಳ ಲೆಕ್ಕ ಹಿಡಿದರು, ಕಡಿಯುವುದಕ್ಕೆ ಕಟ್ಟುಪಾಡು ತಂದರು, ಹೊಸ ನೆಡುತೋಪುಗಳಿಗೆ ಒತ್ತಾಸೆಯಾದರು. ಈ ಅನುಭವವೆಲ್ಲ ದಕ್ಷಿಣ ಭಾರತದ ಕಾಡುಗಳು ಮತ್ತು ತೋಟಗಳನ್ನು ಕುರಿತ ಸಚಿತ್ರ ಗ್ರಂಥವಾಗಿ ೧೮೬೧ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಇಲ್ಲಿ ಅವರ ಜೀವನದ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಮಲೆನಾಡಿನಲ್ಲಿಯೂ ಕೆನರಾದಲ್ಲಿಯೂ ಕಾಡಿನ ಒಂದು ತುಂಡನ್ನು ಕಡಿದು, ಸುಟ್ಟು, ಆ ಬೂದಿಯಲ್ಲಿ ರಾಗಿ ಮೊದಲಾದುವನ್ನು ಬಿತ್ತಿ, ಒಂದೆರಡು ವರ್ಷಗಳಾದ ಮೇಲೆ ಬೇರೆ ಕಡೆಗೆ ಹೋಗುವ ಬೇಸಾಯವಿದ್ದಿತು. ಇದಕ್ಕೆ ಕುಮರಿ ಎಂದು ಹೆಸರು. ಬೆಲೆಬಾಳುವ ಮರಗಳು ಇದರಿಂದ ಹಾಳಾಗುತ್ತವೆಂದು ಕ್ಲೆಗ್‌ಹಾರ್ನರು ಬಲವಾಗಿ ವಿರೋಧಿಸಿದರು. ಅವರು ಸಂರಕ್ಷಣಾಧಿಕಾರಿಯಾಗಿದ್ದ ಕಾಲದಲ್ಲಿ ಮದರಾಸು ಸರ್ಕಾರ ಕುಮರಿಗೆ ಕಟ್ಟುನಿಟ್ಟಾದ ನಿರ್ಬಂಧವನ್ನು ಹಾಕಿತು. ಕುಮರಿಯನ್ನು ನಂಬಿದ ಬಡವರು ಆಮೇಲೆ ಏನುಣ್ಣಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಕಾಡನ್ನು ಉಳಿಸಬೇಕೆಂದು ಮೊದಲು ಕೂಗಿದವರು ಕಂಪೆನಿಯ ವೈದ್ಯರೆಂದು ರಿಚರ್ಡ್ ಗ್ರೋವ್ ಎಂಬ ಇತಿಹಾಸಕಾರರು ಎತ್ತಿ ತೋರಿಸಿದ್ದಾರೆ. ಅರಣ್ಯ ಇಲಾಖೆಯ ಹೆಸರಿನಲ್ಲಿ ಜನರ ಹಕ್ಕು ಸರ್ಕಾರದ ಕೈಸೇರಿತೆಂದು ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ತೋರಿಸಿದ್ದಾರೆ. ಎರಡೂ ನಿಜವೆಂದು ನನಗೆ ತೋರುತ್ತದೆ.

ಭದ್ರಾವತಿಯ ಹುಡುಗನಾದ ನನಗೆ ಈ ಪ್ರಶ್ನೆ ಬರಿಯ ಪುಸ್ತಕದ್ದಲ್ಲ. ೧೯೨೩ರಲ್ಲಿ ಕೆಲಸ ಆರಂಭಿಸಿದ ನಮ್ಮೂರಿನ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದುದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರದ ಇದ್ದಲಿನಿಂದ. ನನ್ನ ಮುತ್ತಜ್ಜ ಅದಕ್ಕೆ ಮರ ಕಡಿಯುವ ಗುಂಪಿನಲ್ಲಿ ಕೂಲಿಯಾಗಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಆ ಕೂಲಿಯಿಂದ ನಮ್ಮ ಮನೆಯ ಒಲೆ ಉರಿಯಿತು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ತೊಗಟೆಯನ್ನು ಕೈಯಿಂದ ಮುಟ್ಟಿಯೇ ಮರವನ್ನು ಹೇಳುತ್ತಿದ್ದರಂತೆ. ಕಾಡನ್ನು ಬಲ್ಲವರೇ ಕಾಡನ್ನು ಕಡಿಯಬೇಕಾಗಿ ಬಂದುದು ನಮ್ಮ ಸೀಮೆಯ ಕಥೆ. ಆದುದರಿಂದ ಕ್ಲೆಗ್‌ಹಾರ್ನರನ್ನು ಬರಿದೆ ಹೊಗಳಲೂ ಬರಿದೆ ತೆಗಳಲೂ ನನಗೆ ಮನಸ್ಸು ಬಾರದು. ಅವರು ಗಿಡವನ್ನು ನೋಡಿದಷ್ಟು ಶ್ರದ್ಧೆಯಿಂದ ಕುಮರಿಯವನ ಗುಡಿಸಲನ್ನೂ ನೋಡಿದ್ದರೆ ಎಷ್ಟು ಚೆನ್ನಾಗಿತ್ತೆಂದು ಮಾತ್ರ ಅನ್ನಿಸುತ್ತದೆ.

೧೮೬೧ರಲ್ಲಿ ಅವರಿಗೆ ಮೇಬಲ್ ಕೋವನ್ ಎಂಬುವರೊಡನೆ ವಿವಾಹವಾಯಿತು. ಬಳಿಕ ಪಂಜಾಬು ಮತ್ತು ಹಿಮಾಲಯದ ಕಾಡುಗಳನ್ನು ಪರೀಕ್ಷಿಸುವ ಕೆಲಸ ಬಂದಿತು. ಅದರ ವರದಿ ೧೮೬೪ರಲ್ಲಿ ಹೊರಬಿದ್ದಿತು. ಭಾರತದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದ ಡೀಟ್ರಿಚ್ ಬ್ರಾಂಡಿಸ್‌ರವರು ರಜೆಯಲ್ಲಿದ್ದಾಗ ಆ ಸ್ಥಾನವನ್ನೂ ಕೆಲಕಾಲ ನಿರ್ವಹಿಸಿದರು. ಆ ದಶಕದ ಕೊನೆಗೆ ಭಾರತವನ್ನು ಬಿಟ್ಟು ಸ್ಟ್ರಾವಿಥಿಗೆ ಹೋಗಿ ನೆಲೆಸಿದರು. ಅಲ್ಲಿಯೂ ಎಡಿನ್‌ಬರೋ ಸಸ್ಯಶಾಸ್ತ್ರ ಸಂಘದ ಅಧ್ಯಕ್ಷರಾಗಿ, ಅರಣ್ಯಶಾಸ್ತ್ರದ ಬೋಧನೆಗೆ ಬೆಂಬಲವಾಗಿ ದುಡಿದರು. ೧೮೯೫ರ ಮೇ ೧೬ರಂದು ಅಲ್ಲಿಯೇ ಕಾಲವಾದರು. ಅವರು ಬರೆಯಿಸಿದ ಸಾವಿರಾರು ಚಿತ್ರಗಳು ಈಗ ಎಡಿನ್‌ಬರೋ ರಾಜೋದ್ಯಾನದ ಸಂಗ್ರಹದಲ್ಲಿವೆ. ಬಹುಕಾಲ ಯಾರ ಗಮನಕ್ಕೂ ಹೆಚ್ಚಾಗಿ ಬಾರದೆ ಇದ್ದ ಅವುಗಳನ್ನೂ ಕ್ಲೆಗ್‌ಹಾರ್ನರ ಜೀವನವನ್ನೂ ಕುರಿತು ಹೆನ್ರಿ ನೋಲ್ಟಿ ಎಂಬ ವಿದ್ವಾಂಸರು ೨೦೧೬ರಲ್ಲಿ ಎರಡು ಗ್ರಂಥಗಳನ್ನು ಪ್ರಕಟಿಸಿದ್ದಾರೆ.

ಮುಗಿಸುವ ಮುನ್ನ ಹೆಸರುಗಳ ವಿಷಯವಾಗಿ ಒಂದು ಮಾತು. ಕಣಗಿಲೆಯ ಕುಟುಂಬಕ್ಕೆ ಸೇರಿದ ಬಳ್ಳಿಗಳ ಒಂದು ಪಂಗಡಕ್ಕೆ ರಾಬರ್ಟ್ ವೈಟ್ ೧೮೪೮ರಲ್ಲಿ ಕ್ಲೆಗ್‌ಹಾರ್ನಿಯ ಎಂದು ಮಿತ್ರನ ಹೆಸರನ್ನಿಟ್ಟರು. ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ತಮ್ಮ ಚಿತ್ರಗಾರ ಗೋವಿಂದು ಹೆಸರಿನಲ್ಲಿಯೂ ಅವರು ಆರ್ಕಿಡ್ ಜಾತಿಯ ಒಂದು ಸಸ್ಯವನ್ನು ಗೋವಿಂದೂಯ ಎಂದು ಕರೆದರು. ಅದು ಅವರ ದೊಡ್ಡತನ. ಆದರೆ ಆ ಗಿಡಕ್ಕೆ ಬೇರೆ ಪಂಗಡದಲ್ಲಿ ಮೊದಲೇ ಸ್ಥಾನವಿದ್ದುದರಿಂದ ಶಾಸ್ತ್ರದ ನಿಯಮದಂತೆ ಆ ಹೆಸರು ಹಿಂದೆ ಸರಿಯಿತು. ಇನ್ನು ಶಿವಮೊಗ್ಗದಲ್ಲಿ ದಿನಕ್ಕೊಂದರಂತೆ ಗಿಡಗಳನ್ನು ಬರೆದ ಆ ಮರಾಠಿ ಚಿತ್ರಗಾರನಿಗೆ ಚರಿತ್ರೆಯಲ್ಲಿ ಹೆಸರೇ ಇಲ್ಲ. ಅವನ ಭಾಷೆ ಯಾವುದೆಂದು ಉಳಿಯಿತು, ಅವನು ಯಾರೆಂದು ಉಳಿಯಲಿಲ್ಲ. ಗಿಡ ತಂದುಕೊಟ್ಟವರು, ಅದರ ಊರಿನ ಹೆಸರು ಹೇಳಿದವರು, ಕಾಡಿನ ದಾರಿ ತೋರಿಸಿದವರು—ಅವರೂ ಹಾಗೆಯೇ. ಸಾವಿರಾರು ಮೈಲಿಗಳ ಆಚೆ ಅವರ ಕೈಕೆಲಸ ಜೋಪಾನವಾಗಿದೆ. ಅವರು ಮಾತ್ರ ಇಲ್ಲ.

ನಮ್ಮ ಮನೆಯಲ್ಲಿ ಪದವಿಯ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಬರೆದಿಟ್ಟ ಹೆಸರಿಗೆ ಎಷ್ಟು ಬೆಲೆಯೆಂಬುದು ನನ್ನಂಥವರಿಗೆ ಚೆನ್ನಾಗಿ ತಿಳಿದಿದೆ. ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿಯೂ ಪೂಜ್ಯ ಅಧ್ಯಾಪಕರಲ್ಲಿಯೂ ನನ್ನದೊಂದು ವಿಜ್ಞಾಪನೆ. ನಮ್ಮ ಕಾಲೇಜಿನ ಆವರಣದಲ್ಲಿಯೂ ತುಂಗಭದ್ರೆಯರ ದಂಡೆಯಲ್ಲಿಯೂ ಗಿಡಗಳಿಗೆ ಕೊರತೆಯಿಲ್ಲ. ಚಿತ್ರ ಬರೆಯಬಲ್ಲ ಗೆಳೆಯರಿಗೂ ಕೊರತೆಯಿಲ್ಲ. ಬರುವ ವರ್ಷದಿಂದ ದಿನಕ್ಕೊಂದಲ್ಲದಿದ್ದರೆ ವಾರಕ್ಕೊಂದಾದರೂ ಗಿಡವನ್ನು ಬರೆದು, ಅದರ ಕನ್ನಡ ಹೆಸರನ್ನೂ ಉಪಯೋಗವನ್ನೂ ಹಿರಿಯರಿಂದ ಕೇಳಿ ಗುರುತು ಹಾಕಿ, ಗ್ರಂಥಾಲಯದಲ್ಲಿ ಇಡೋಣ. ಪ್ರತಿಯೊಂದು ಹಾಳೆಯ ಕೆಳಗೂ ಬರೆದವರ ಹೆಸರಿರಲಿ, ಹೇಳಿಕೊಟ್ಟವರ ಹೆಸರೂ ಇರಲಿ.